ಹದಿನಾರು ಡಿಗ್ರಿಯ ಚಿಕಾಗೋ

ಕೊಲ್ಲಿ ನಾಡಿನ ಈ ದಾರ್ಸೈಟ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ರಾಜಗೋಪಾಲರು ಜಗತ್ತಿನ ಊರುಗಳನ್ನೆಲ್ಲ ಸೆಕೆ, ಚಳಿಗಳಿಂದಲೇ ಅಳೆಯುವ ಮನುಷ್ಯ. ವಾದಿ ಅದಾಯ್‌ನ ಎ.ಸಿ. ರಿಪೇರಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಮದುವೆಯಾಗಿ ಮೈಸೂರಿನಿಂದ ಬಂದಿಳಿದ ಹೆಂಡತಿಗೆ ವಿಮಾನ ನಿಲ್ದಾಣದಲ್ಲಿ ಅವರು ಆಡಿದ ಮೊದಲ ಮಾತು, ಹೊರಗೆ ನಲವತ್ನಾಲ್ಕು ಡಿಗ್ರಿ ಇದೆ ಎಂದು. ಆಮೇಲೆ ಅಷ್ಟು ಕಾಳಜಿಯ ಮಾತು ಕೇಳಿದ ನೆನಪಿಲ್ಲ ಎಂದು ಲಲಿತಮ್ಮ ಹೇಳುತ್ತಾರೆ.

ಲಲಿತಮ್ಮ ಮದುವೆಗೆ ಮುಂಚೆ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಸರಸ್ವತಿಪುರಂನಿಂದ ದಿನಾ ಸಿಟಿ ಬಸ್ಸು. ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿದ್ದೂ ಉಂಟಂತೆ. ಇಲ್ಲಿಗೆ ಬಂದ ಮೇಲೆ ಕಾರು ಕಲಿಯಲು ಹೋದರು. ಪರೀಕ್ಷೆಯಲ್ಲಿ ಡ್ರಮ್ಮುಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಒಮ್ಮೆ ಡ್ರಮ್ಮು ಬಿತ್ತು, ಇನ್ನೊಮ್ಮೆ ಎರಡು ಬಿದ್ದವು. ಮೂರನೆಯ ಸಲ ಡ್ರಮ್ಮು ಗೆದ್ದು ರಸ್ತೆಯಲ್ಲಿ ಸೋತರು. ಪರೀಕ್ಷಿಸುತ್ತಿದ್ದ ಪೊಲೀಸ್ ‘ಖಲಾಸ್’ ಎಂದ. ಗಂಡ, ನಾನಿದ್ದೀನಲ್ಲ ಎಂದರು.

ನಿಜ, ಅವರು ಇದ್ದರು. ಆಫೀಸು ಮುಗಿದ ಮೇಲೆ ಇದ್ದರು, ರಜೆಯ ಶುಕ್ರವಾರ, ಶನಿವಾರ ಇದ್ದರು. ಅವರಿಲ್ಲದಾಗ ನಾನೂ ನನ್ನ ಕಾರೂ ಇದ್ದೆವು. ಕೆಂಪು ಬಸ್ಸುಗಳೂ ಓಡುತ್ತವೆ, ಆದರೆ ನಮ್ಮ ಕಟ್ಟಡದ ಹೆಂಗಸರು ಅವನ್ನು ಕಾರಿನೊಳಗಿಂದ ನೋಡಿದ್ದಷ್ಟೇ. ಹತ್ತಿದರೆ ಗಂಡನಿಗೆ ಕಾರಿಲ್ಲವೇ ಎಂದು ನಾಲ್ಕು ಜನ ಕೇಳುತ್ತಾರೆ. ಇಂಥ ನಾಲ್ಕು ಜನ ಎಲ್ಲ ಊರಲ್ಲೂ ಸಿಗುತ್ತಾರೆ, ನಮ್ಮಲ್ಲಿ ಒಂದೇ ಲಿಫ್ಟಿನಲ್ಲಿ ಸಿಗುತ್ತಾರೆ.

ಹೀಗಿರುವಾಗ ಅಮೆರಿಕ ಬಂತು. ರಾಜಗೋಪಾಲರ ಅಕ್ಕ ಯಾವ ಕಾಲದಲ್ಲೋ ಹಾಕಿ ಎಲ್ಲರೂ ಮರೆತಿದ್ದ ಅರ್ಜಿಗೆ ಗ್ರೀನ್ ಕಾರ್ಡ್ ಮಂಜೂರಾಯಿತು. ಅಕ್ಕ ಇರುವುದು ಹ್ಯೂಸ್ಟನ್‌ನಲ್ಲಿ, ಲಲಿತಮ್ಮನ ತಮ್ಮ ಚಿಕಾಗೋದಲ್ಲಿ. ಎರಡೂ ಕಡೆಯಿಂದ ಫೋನು. ಅಕ್ಕ ಹೇಳಿದರು: ಇಲ್ಲಿ ಕಾರಿಲ್ಲದೆ ಏನೂ ನಡೆಯದು, ಆದರೆ ಲಲಿತ ಚಿಂತೆ ಮಾಡೋದು ಬೇಡ, ಎಲ್ಲಿಗೆ ಬೇಕಾದರೂ ನಾನೇ ಕರೆದೊಯ್ಯುತ್ತೇನೆ. ತಮ್ಮ ಹೇಳಿದ: ಮಂಡಿಯವರೆಗೆ ಹಿಮ ಬೀಳುತ್ತೆ, ಬಸ್ಸು ಮಾತ್ರ ಮನೆ ಮುಂದೇನೇ ನಿಲ್ಲುತ್ತೆ. ಹನ್ನೆರಡನೇ ಕ್ಲಾಸಿನ ಮಗಳು ಹಿತಾ, ಎನಿವೇರ್ ಈಸ್ ಫೈನ್ ಎಂದು ಬಾಗಿಲು ಹಾಕಿಕೊಂಡಳು.

ನನ್ನ ಕಾರಿನಲ್ಲಿ ದೇವಸ್ಥಾನದಿಂದ ಬರುವಾಗ ಲಲಿತಮ್ಮ ಮನಸ್ಸು ಬಿಚ್ಚಿದರು. “ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ನಾನು ಇನ್ನೊಬ್ರ ಪುರುಸೊತ್ತು ಕಾಯ್ಬೇಕು, ಆಶಿತಾ. ಅಲ್ಲೂ ಹೀಗೇ ಅಂದ್ರೆ, ನಾನು ಮುದುಕಿ ಆಗೋದೂ ಕಾರಿನ ಹಿಂದಿನ ಸೀಟಲ್ಲೇ.”

“ಅವರ ಹತ್ರ ಹೇಳ್ಲಿಕ್ಕೆ ಎಂತ ತೊಂದರೆ, ಲಲಿತಕ್ಕ?” ಎಂದೆ.

ಹೇಳಿದ್ದರು. ರಾಜಗೋಪಾಲರು ಬಸ್ಸಿಗೆ ಡಿಗ್ರಿ ಇಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವರು ಪ್ರಯೋಗಕ್ಕಿಳಿದರು. ಜುಲೈ ತಿಂಗಳ ಒಂದು ಶುಕ್ರವಾರ ಹಾಲ್‌ನ ಎ.ಸಿ. ಹದಿನಾರಕ್ಕಿಟ್ಟು, ಫ್ಯಾನ್ ತಿರುಗಿಸಿ, ಸ್ವೆಟರು ಮತ್ತು ಮಂಕಿ ಕ್ಯಾಪ್ ತೊಟ್ಟು ಸೋಫಾದಲ್ಲಿ ಕೂತರು. ಇದು ಚಿಕಾಗೋ. ಕಾಫಿಪುಡಿ ಕೇಳಲು ಹೋದ ನನ್ನನ್ನೂ ಕೂರಿಸಿದರು. ಚಿಕಾಗೋ ಇದಕ್ಕಿಂತ ತುಂಬಾ ಕೆಳಗೆ ಹೋಗುತ್ತದಲ್ಲ ಎಂದೆ. ಈ ಮಾಡೆಲ್ ಹದಿನಾರಕ್ಕಿಂತ ಕೆಳಗಿಳಿಯದು ಎಂದು ಗಂಭೀರವಾಗಿ ಉತ್ತರಿಸಿದರು. ಮರುದಿನ ಎ.ಸಿ. ಆರಿಸಿ ಕೂತರು. ಅದು ಹ್ಯೂಸ್ಟನ್. ಚಿಕಾಗೋದಲ್ಲಿ ಅವರಿಗೆ ಶೀತವಾಗಿತ್ತು, ಹ್ಯೂಸ್ಟನ್‌ನಲ್ಲಿ ಬರೀ ಬೆವರಿದರು. ಬೆವರು ಅವರಿಗೆ ಹೊಸದಲ್ಲ. ಆ ಸಂಜೆಯೇ, ನಾನೂ ಅಲ್ಲಿದ್ದಾಗ, ಹ್ಯೂಸ್ಟನ್ ಎಂದು ತೀರ್ಮಾನಿಸಿ, ಅಕ್ಕನಿಗೆ ನಾಳೆ ಫೋನ್ ಮಾಡುತ್ತೇನೆ ಎಂದರು. ಲಲಿತಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನನಗೆ ಸಿಟ್ಟು ಬಂದಿತ್ತು, ಆದರೆ ಕಾಫಿಪುಡಿ ಇಸಿದುಕೊಂಡವಳು ಎಷ್ಟೆಂದು ಮಾತಾಡುವುದು?

ಭಾನುವಾರ ರಾಜಗೋಪಾಲರು ಊಟದ ಡಬ್ಬಿ ಮರೆತು ಹೋದರು. ಮರೆತರೋ, ಲಲಿತಮ್ಮ ಕೊಡಲಿಲ್ಲವೋ, ನಾನು ಕೇಳಿಲ್ಲ. ಡಬ್ಬಿ ಕೊಟ್ಟುಬರಲು ಹೊರಟ ಲಲಿತಮ್ಮನಿಗೆ, ಕಾರು ತೆಗೆಯಲೇ ಎಂದೆ. ಬೇಡ ಎಂದು ಛತ್ರಿ ಹಿಡಿದು ಹೊರಟರು. ನನಗೆ ಸ್ವಲ್ಪ ನೋವೇ ಆಯಿತು. ಕೆಂಪು ಬಸ್ಸು ಹತ್ತಿ, ರೂವಿಯಲ್ಲಿ ಇಳಿದು ಇನ್ನೊಂದು ಹತ್ತಿ, ವಾದಿ ಅದಾಯ್‌ನ ಬಿಸಿಲಿನಲ್ಲಿ ದಾರಿ ಕೇಳುತ್ತಾ ನಡೆದು, ಗಂಡನ ಮೇಜಿನ ಮೇಲೆ ಡಬ್ಬಿ ಇಟ್ಟರಂತೆ.

ಯಾರು ಬಿಟ್ಟರು ಎಂದು ರಾಜಗೋಪಾಲರು ಕೇಳಿದರು.

“ಬಸ್ಸಲ್ಲಿ ಬಂದೆ.”

“ಹೊರಗೆ ನಲವತ್ತಾರಿದೆ, ಲಲಿತ.”

“ಇರ್ಲಿ. ನಂಗೆ ಸೆಕೆನೂ ಆಗುತ್ತೆ, ಚಳಿನೂ ಆಗುತ್ತೆ ಕಣ್ರೀ. ಕಾಯೋದು ಮಾತ್ರ ಇನ್ನಾಗಲ್ಲ.”

ಅಷ್ಟು ಹೇಳಿ ಬಸ್ ಸ್ಟಾಪಿಗೆ ನಡೆದರು. ರಾಜಗೋಪಾಲರು ಊಟ ಬಿಟ್ಟು ಕಾರು ತೆಗೆದು, ಹತ್ತು ಎಂದರು. ಹತ್ತಲಿಲ್ಲ. ಬಸ್ಸು ಬಂತು. ರೂವಿಯವರೆಗೆ, ಅಲ್ಲಿಂದ ದಾರ್ಸೈಟ್‌ವರೆಗೆ ಅವರು ಬಸ್ಸಿನ ಹಿಂದೆಯೇ ಬಂದರು, ಸ್ಟಾಪ್ ಸ್ಟಾಪಿನಲ್ಲೂ ನಿಂತು. ಲಲಿತಮ್ಮ ಕಿಟಕಿ ಪಕ್ಕ ಕೂತಿದ್ದರು. ತಿರುಗಿ ನೋಡಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ರಾಜಗೋಪಾಲರೇ.

ಸಂಜೆ ಕಾಫಿಪುಡಿ ಹಿಂದಿರುಗಿಸಲು ಹೋದೆ. ಬಾಗಿಲು ತೆರೆದೊಡನೆ ಮುಖಕ್ಕೆ ತಣ್ಣಗೆ ಹೊಡೆಯಿತು. ಹಾಲ್‌ನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತಾ ರಾಜಗೋಪಾಲರು ಕೂತಿದ್ದರು.

“ಅಭ್ಯಾಸ ಆಗ್ಬೇಕಲ್ಲ,” ಎಂದರು.