ಮುಂದಿನ ಸೀಟಿನ ಅತ್ತೆ, ಎದುರಿಗೆ ವಿಠ್ಠಲ

ನಮ್ಮ ಕಾರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ನನ್ನ ಮಾವನವರ ಲೆಕ್ಕದಲ್ಲಿ ಗಾಡಿ ಎಂದರೆ ಎಂಜಿನ್ನು, ಬ್ರೇಕು, ಹಾರ್ನು. ಉಳಿದದ್ದೆಲ್ಲ ಷೋಕಿ. "ಗಾಡಿ ಓಡಾಕತ್ತೈತಿಲ್ಲ? ದೀಪ ಉರದ್ರ ಉರೀಲಿ ಬಿಡ ಯವ್ವಾ, ಅದೇನ್ ನಮ್ಮ ಎಣ್ಣಿ ಕುಡೀತೈತೇನ್?" ಎಂದರು. ಐಗಳಿಯ ಹತ್ತಿರದ ನಮ್ಮ ತೋಟದ ಮನೆಗೆ ಬಂದ ನೆಂಟರೊಬ್ಬರು ಮಾತ್ರ ಪರಿಹಾರ ಸೂಚಿಸಿದರು: ದೀಪದ ಮೇಲೆ ಕರಿ ಟೇಪು ಅಂಟಿಸಬೇಕು. ಅವರ ಕಾರಿನಲ್ಲಿ ನಾನೊಮ್ಮೆ ಕೂತಿದ್ದೇನೆ. ಅಲ್ಲಿ ಮೀಟರಿಗಿಂತ ಟೇಪೇ ಹೆಚ್ಚು ಕಾಣಿಸುತ್ತದೆ.

ನಾನು ಅಥಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಕಾರಿನ ಜೊತೆ ಬಂದ ಪುಸ್ತಕವನ್ನು ಓದುವ ಚಟ ಈ ಮನೆಯಲ್ಲಿ ನನಗೊಬ್ಬಳಿಗೇ ಇದೆ. ಆ ದೀಪ ಉರಿಯುತ್ತಿದ್ದರೆ ಅಪಘಾತದ ಹೊತ್ತಿಗೆ ಏರ್‌ಬ್ಯಾಗು ತೆರೆಯದೇ ಹೋಗಬಹುದು ಎಂದು ಅದರಲ್ಲಿ ಬರೆದಿತ್ತು. ನನಗೆ ಚಿಂತೆ ಹತ್ತಿದ್ದು ಅತ್ತೆಯದು. ಮುಂದಿನ ಎಡಗಡೆ ಸೀಟು ಅವರದು. ಅದರಲ್ಲಿ ಬೇರೆಯವರು ಕೂರುವಂತಿಲ್ಲ. ದ್ರಾಕ್ಷಿಗೆ ಔಷಧ ಹೊಡೆಯುವ ಯಂತ್ರದ ಸದ್ದಿನಲ್ಲಿ ವರ್ಷಗಟ್ಟಲೆ ಕಳೆದ ಮಾವನವರ ಎಡಗಿವಿ ಹೆಚ್ಚುಕಡಿಮೆ ನಿವೃತ್ತವಾಗಿದೆ. ಆದ್ದರಿಂದ ಎಡಗಡೆಯ ಜಗತ್ತಿನ ಉಸ್ತುವಾರಿ ಅತ್ತೆಯದೇ. ಅವರು ಗಂಡನ ತೋಳು ತಟ್ಟಿದರೆ ನಿಧಾನ, ಚಿವುಟಿದರೆ ಬ್ರೇಕು. ನನಗೂ ಲೈಸೆನ್ಸಿದೆ. ಆದರೆ ಸೊಸೆ ಸ್ಟೇರಿಂಗ್ ಹಿಡಿದು ಮಾವ ಪಕ್ಕದಲ್ಲಿ ಕೂರುವ ದೃಶ್ಯಕ್ಕೆ ನಮ್ಮ ಊರು ಇನ್ನೂ ತಯಾರಾಗಿಲ್ಲವಂತೆ.

ಆನ್‌ಲೈನಿನಲ್ಲಿ ಒಂದು ಸ್ಕ್ಯಾನರ್ ತರಿಸಿದೆ. ಸ್ಟೇರಿಂಗಿನ ಕೆಳಗೆ ಅದರ ವೈರು ಸಿಕ್ಕಿಸಿದರೆ ಕಾರು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಎಡ ಮುಂದಿನ ಸೀಟಿನ ಏರ್‌ಬ್ಯಾಗಿನ ವೈರಿನಲ್ಲಿ ದೋಷವಿದೆ ಎಂದಿತು. ನಾನು ಒಂದು ಗುಂಡಿ ಒತ್ತಿ ದೋಷವನ್ನು ಅಳಿಸಿದೆ. ದೀಪ ಆರಿತು. ಮಾವನವರು "ಭಾರಿ ಆತಲ್ಲ!" ಎಂದರು, ನಾನು ಅಂಗಳದಲ್ಲಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಓಡಾಡಿದೆ. ಮರುದಿನ ಕಾಗವಾಡಕ್ಕೆ ಹೋಗಿ ಬರುವಷ್ಟರಲ್ಲಿ ದೀಪ ಮತ್ತೆ ಹಾಜರ್. ನಾನು ಅಳಿಸುವುದು, ಅದು ಬರುವುದು, ಹೀಗೇ ನಡೆಯಿತು. "ಅದಕ್ಯಾಕ ಬೈತಿ? ಅದರ ಕೆಲಸ ಅದು ಮಾಡಾಕತ್ತೈತಿ," ಎಂದು ಅತ್ತೆ ದೀಪದ ಪಕ್ಷ ವಹಿಸಿದರು.

ಕಾರಣ ನಮ್ಮ ಭಕ್ತಿಯಲ್ಲಿತ್ತು. ಅತ್ತೆ ಪಂಢರಪುರದಿಂದ ತಂದ ಹಿತ್ತಾಳೆಯ ವಿಠ್ಠಲ, ಗೇಣುದ್ದದವನು, ಸೊಂಟದ ಮೇಲೆ ಕೈಯಿಟ್ಟು ಡ್ಯಾಶ್‌ಬೋರ್ಡಿನ ಮೇಲೆ ನಿಂತಿದ್ದ. ಅವನೆದುರು ಚಪ್ಪಲಿ ಮೆಟ್ಟಿ ಕೂರುವುದುಂಟೆ? ಆದ್ದರಿಂದ ನಮ್ಮ ಕಾರಿನಲ್ಲಿ ಎಲ್ಲರೂ ಬರಿಗಾಲು. ಚಪ್ಪಲಿಗಳು ಬ್ರೇಕಿನ ಕಡೆ ಜಾರಬಾರದೆಂದು ಎಲ್ಲವೂ ಅತ್ತೆಯ ಸೀಟಿನ ಅಡಿಗೆ ಹೋಗುತ್ತಿದ್ದವು. ಮಾವನವರದು ಅಥಣಿಯ ತೊಗಲಿನ ಚಪ್ಪಲಿ. ಅಟ್ಟೆ ಕಲ್ಲಿನಷ್ಟು ಗಟ್ಟಿ. ಟಾರ್ಚು ಹಿಡಿದು ಬಗ್ಗಿ ನೋಡಿದೆ. ಸೀಟಿನ ಕೆಳಗಿನ ಹಳದಿ ಪ್ಲಗ್ಗೊಂದು ಆ ಚಪ್ಪಲಿಯ ಗುದ್ದು ತಿಂದು ತಿಂದು ಅರ್ಧ ಕಳಚಿ ಜೋತಾಡುತ್ತಿತ್ತು.

ಗಾಡಿ ಬಂದ್ ಮಾಡಿ, ಬ್ಯಾಟರಿಯ ವೈರು ಬಿಚ್ಚಿ, ಚಹಾ ಕುಡಿಯುವಷ್ಟು ಹೊತ್ತು ಕಾದು, ಪ್ಲಗ್ಗನ್ನು ಟಕ್ಕೆನ್ನುವಂತೆ ಒತ್ತಿದೆ. ವೈರನ್ನು ಮೇಲಕ್ಕೆತ್ತಿ ಕಟ್ಟಿದೆ. ಚಪ್ಪಲಿಗಳಿಗೆ ಡಿಕ್ಕಿಯಲ್ಲಿ ಒಂದು ಕೈಚೀಲ ಇಟ್ಟೆ. ಮತ್ತೊಮ್ಮೆ ಸ್ಕ್ಯಾನರ್ ಹಚ್ಚಿ ಅಳಿಸಿದೆ. ಈ ಸಲ ಹೋದ ದೀಪ ಹೋಗೇ ಬಿಟ್ಟಿತು.

ನನ್ನ ಸಂತೋಷಕ್ಕೆ ಆಯುಷ್ಯ ಕಡಿಮೆಯಿತ್ತು. ಒಂದು ದಿನ ಕಾರು ಒರೆಸುತ್ತ ಅತ್ತೆಯ ಸೀಟಿನಲ್ಲಿ ಕೂತಾಗ ವಿಠ್ಠಲನ ಪಾದದ ಹತ್ತಿರ, ಡ್ಯಾಶ್‌ಬೋರ್ಡಿನ ಮುಚ್ಚಳವೊಂದರ ಮೇಲೆ, ಕೆತ್ತಿದ ಅಕ್ಷರಗಳು ಕಂಡವು: ಏರ್‌ಬ್ಯಾಗ್. ಓಡಿ ಹೋಗಿ ಪುಸ್ತಕ ತೆಗೆದೆ. ಈ ಮುಚ್ಚಳದ ಮೇಲೆ ಏನನ್ನೂ ಇಡಕೂಡದು, ಬ್ಯಾಗು ತೆರೆದರೆ ಇಟ್ಟ ವಸ್ತು ಕೂತವರ ಮೇಲೆ ಸಿಡಿಯುತ್ತದೆ ಎಂದಿತ್ತು. ಅತ್ತೆ ಅವನನ್ನು ನೀರಿನ ಪೈಪಿಗೆ ಹಚ್ಚುವ ಅಂಟಿನಿಂದ ಸರಿಯಾಗಿ ಆ ಮುಚ್ಚಳದ ನಡುವೆ ನಿಲ್ಲಿಸಿದ್ದರು. ದೀಪ ಉರಿಯುವಷ್ಟು ದಿನ ಈ ಬ್ಯಾಗೂ ಮಲಗಿತ್ತೋ ಏನೋ. ನಾನು ಹೋಗಿ ಎಬ್ಬಿಸಿದ್ದೆ. ನಾನು ರಿಪೇರಿ ಮಾಡಿದ್ದು ಕಾರನ್ನಲ್ಲ, ಅತ್ತೆಯ ಮುಖಕ್ಕೆ ಗುರಿಯಿಟ್ಟ ತೋಪನ್ನು. ನಿಜಕ್ಕೂ ಹೆದರಿದೆ. ಪ್ಲಗ್ಗನ್ನು ಮತ್ತೆ ಕಿತ್ತುಬಿಡಲೇ ಎಂದೂ ಯೋಚಿಸಿದೆ.

ಅಂದು ಸಂಜೆಯೇ ಅತ್ತೆಗೆ ಹೇಳಿದೆ.

"ವಿಠ್ಠಲ ನನ್ನ ಮಾರಿಗಿ ಹೊಡೀತಾನ ಅಂತೀಯೇನ?" ಎಂದರು.

"ಅಂವ ಹೊಡಿಯೂದಿಲ್ರಿ ಅತ್ತಿ, ಗಾಳಿ ಚೀಲ ಅವನ್ನ ದಬ್ಬತೈತ್ರಿ."

"ಯಾರ್ ದಬ್ಬಿದ್ರೂ ಅಂವ ಅಳ್ಳಾಡೂದಿಲ್ಲ."

ನಾನು ಅಳುವ ಹಾಗಾದೆ. ಅದನ್ನು ನೋಡಿ ಅವರೇ ತೀರ್ಪು ಕೊಟ್ಟರು. "ಆತು, ಅಂವ ಇರ್ಲಿ. ನಾನ ಹಿಂದ ಕುಂದರ್ತೀನಿ." ವಿಜ್ಞಾನಕ್ಕೂ ಭಕ್ತಿಗೂ ರಾಜಿ ಮಾಡಿಸಿದೆನೆಂದು ನನಗೆ ಸಮಾಧಾನವಾಯಿತು. ಮಾವನವರ ಎಡಗಿವಿಯನ್ನು ಮಾತ್ರ ಆ ರಾಜಿಯಲ್ಲಿ ಯಾರೂ ಕೇಳಿರಲಿಲ್ಲ.

ಆ ವಾರ ರಾಯಬಾಗದಲ್ಲಿ ನೆಂಟರ ಮನೆಯ ವಾಸ್ತುಶಾಂತಿ. ಹಿಂದಿನ ಸೀಟಿನಲ್ಲಿ ಅತ್ತೆ ಎಡಕ್ಕೆ, ನಾನು ಮಾವನವರ ಬೆನ್ನ ಹಿಂದೆ. ಮುಂದಿನ ಸೀಟು ಖಾಲಿ. ಸಕ್ಕರೆ ಕಾರ್ಖಾನೆಗಳು ಶುರುವಾಗಿದ್ದವು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಾಕಿಕೊಂಡು ರಸ್ತೆ ತುಂಬ ಮೆರೆಯುತ್ತಿದ್ದವು. ಅತ್ತೆ ಹಿಂದಿನಿಂದಲೇ ಉಸ್ತುವಾರಿ ನಡೆಸಿದರು. "ಸಾವಕಾಶ್ರಿ... ಎಡಕ್ಕ ಗಾಡಿ ಐತ್ರಿ..." ಯಾವುದೂ ಮುಟ್ಟಬೇಕಾದ ಕಿವಿಗೆ ಮುಟ್ಟುತ್ತಿರಲಿಲ್ಲ. ಮಾವನವರ ಎಡಗೈ ಆಗಾಗ ಖಾಲಿ ಸೀಟಿನ ಕಡೆ ಹೋಗಿ ಮರಳುತ್ತಿತ್ತು.

ಅಥಣಿ ದಾಟಿದ ಮೇಲೆ ಎಡಗಡೆಯ ಹೊಲದ ದಾರಿಯಿಂದ ಒಂದು ಟ್ರ್ಯಾಕ್ಟರು ನೇರ ಡಾಂಬರಿಗೆ ನುಗ್ಗಿತು. ಅತ್ತೆ ಚೀರಿದರು. ಮಾವನವರು ಅದೇ ವೇಗದಲ್ಲಿ ಹೋಗುತ್ತಲೇ ಇದ್ದರು. ನಾನು ಎರಡೂ ಕೈಯಿಂದ ಅವರ ಭುಜ ಗುದ್ದಿದೆ. ಕಾರು ಕಿರುಚಿ ನಿಂತಿತು. ಕಬ್ಬಿನ ತುದಿಗಳು ಎಡಗಡೆಯ ಕನ್ನಡಿಯನ್ನು ಸವರಿಕೊಂಡು ಹೋದವು. ಟ್ರ್ಯಾಕ್ಟರಿನ ಹಾಡು ದೂರವಾಯಿತು.

ಮಾವನವರು ಗಾಡಿಯನ್ನು ಬದಿಗೆ ಹಾಕಿ ಇಳಿದರು. ಡಿಕ್ಕಿಯಿಂದ ದೊಡ್ಡ ಸ್ಕ್ರೂಡ್ರೈವರ್ ತಂದು, ಎಡಬಾಗಿಲು ತೆಗೆದು, ಮೊದಲು ವಿಠ್ಠಲನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಆ ಪಾದದ ಅಡಿಗೇ ಮೀಟು ಹಾಕಿದರು.

"ಅಯ್ಯ, ಏನ್ ಮಾಡಾಕತ್ತೀರಿ!" ಎಂದು ಅತ್ತೆ ಕೆಳಗಿಳಿದರು.

ವಿಠ್ಠಲ ಚಟ್ಟೆಂದು ಎದ್ದು ಬಂದ. ಮಾವನವರು ಅವನನ್ನು ತಮ್ಮ ಟವೆಲ್ಲಿನಲ್ಲಿ ಸುತ್ತಿ, ಹಿಂದೆ ಅತ್ತೆ ಕೂತಿದ್ದ ಜಾಗದಲ್ಲಿ ಇಟ್ಟರು.

"ಅಂವ ಹಿಂದ ಕುಂದ್ರಲಿ," ಎಂದರು. "ಅವಂಗ ನಾವಿಲ್ದಿದ್ರೂ ನಡೀತೈತಿ. ನನಗ ನೀ ಇಲ್ದ ನಡ್ಯೂದಿಲ್ಲ. ಮುಂದ ಬಾ."

ನಾನು ಈ ಮನೆಗೆ ಬಂದಾಗಿನಿಂದ ಮಾವನವರು ಹೆಂಡತಿಗೆ ಇಂಥದೊಂದು ಮಾತು ಆಡಿದ್ದನ್ನು ಕೇಳಿರಲಿಲ್ಲ. ಕೇಳಬಾರದ್ದನ್ನು ಕೇಳಿಸಿಕೊಂಡವಳ ಹಾಗೆ ಕಿಟಕಿಯಾಚೆ ಕಬ್ಬು ನೋಡುತ್ತ ಕೂತೆ. ಅತ್ತೆ ಟವೆಲ್ಲಿಗೆ ಕೈಮುಗಿದು, ಸೆರಗು ಸರಿಮಾಡಿಕೊಂಡು, ಮುಂದೆ ಕೂತು ಬೆಲ್ಟು ಹಾಕಿಕೊಂಡರು. ಗಾಡಿ ಹೊರಟಾಗ ಗಂಡನ ತೋಳಿನ ಮೇಲೆ ಕೈಯಿಟ್ಟರು. ಕೃಷ್ಣೆಯ ಸೇತುವೆ ದಾಟುವ ತನಕ ಆ ಕೈ ತೆಗೆಯಲಿಲ್ಲ. ಆ ದಾರಿಯುದ್ದಕ್ಕೂ ತಟ್ಟಿ ಎಚ್ಚರಿಸಲು ಒಂದೂ ಟ್ರ್ಯಾಕ್ಟರು ಇರಲಿಲ್ಲ.