ಗಂಟೆ ಅಕ್ಕನ ಎಪ್ಪತ್ತೆರಡು ಬಟ್ಟಲು

ಬೆಳಗಿನ ಐದೂ ಕಾಲು. ಚರ್ಚಿನ ಪಕ್ಕದ ಬಾಗಿಲಿನ ಬೀಗ ತೆರೆಯುವ ಸದ್ದು. ಒಳಗೆ ದೀಪ ಹಾಕುವ ಗೋಜಿಲ್ಲ. ಎಷ್ಟು ಹೆಜ್ಜೆಗೆ ನಲ್ಲಿ, ಎಷ್ಟು ಹೆಜ್ಜೆಗೆ ಬಕೆಟ್ಟು ಎಂಬುದು ಗಂಟೆ ಅಕ್ಕನ ಕಾಲಿಗೆ ಗೊತ್ತು. ಅರ್ಧ ಬಕೆಟ್ ನೀರು ಹಿಡಿದು, ಹಳೆಯ ಹತ್ತಿ ಬಟ್ಟೆ ಅದ್ದಿ ಹಿಂಡಿ, ತೋಳು ಮೇಲಕ್ಕೆ ಮಡಚಿ, ಮೊದಲ ಸಾಲಿನ ಮುಂದೆ ಮೊಣಕಾಲೂರುತ್ತಾರೆ. ಪ್ರಾರ್ಥನೆಗಲ್ಲ, ಒರೆಸುವುದಕ್ಕೆ. "ಎರಡೂ ಒಟ್ಟಿಗೇ ಆಗುತ್ತೆ ಬಿಡು," ಎನ್ನುತ್ತಾರೆ ನನ್ನತ್ತ ನೋಡದೆಯೇ.

ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಜನ ಮೊಣಕಾಲೂರುವ ಹಲಗೆ, ಆಮೇಲೆ ಕೂರುವ ಬೆಂಚು, ಕೊನೆಗೆ ನೆಲ. ಪೊರಕೆಯನ್ನು ಒಳಗೆ ತರುವಂತಿಲ್ಲ. ಯಾಕೆ ಎಂದು ಕೇಳಿದರೆ ಅಕ್ಕ ನನ್ನನ್ನು ಮನೆಗೆಲಸ ಗೊತ್ತಿಲ್ಲದವಳಂತೆ ನೋಡುತ್ತಾರೆ. ಗೊತ್ತಿಲ್ಲ ಎನ್ನುವುದು ನಿಜವೇ. "ಒಣ ಪೊರಕೆ ಹಾಕಿದ್ರೆ ದೂಳು ಹೋಗಲ್ಲ ಕಣೇ, ಜಾಗ ಬದಲಾಯಿಸುತ್ತೆ ಅಷ್ಟೆ. ಮೊದಲು ಒದ್ದೆ ಮಾಡಬೇಕು. ಮನಸ್ಸೂ ಹಾಗೇ ಅಂತಿದ್ರು ಅಪ್ಪ."

ಅಪ್ಪ ಎಂದರೆ ಗಂಟೆ ತಾತ. ನಾನು ಎಂಟು ವರ್ಷದವಳಿದ್ದಾಗ ನಮ್ಮ ಪಾಲಿಗೆ ಪಾಸ್ಟರಿಗಿಂತ ದೊಡ್ಡ ಮನುಷ್ಯ. ಚರ್ಚಿನ ಗಂಟೆಯ ಹಗ್ಗ ಹಿಡಿದು ಜಗ್ಗಿದರೆ ಇಡೀ ಬೀದಿ ಎದ್ದು ಕೂರುತ್ತಿತ್ತಲ್ಲ, ಅದಕ್ಕಿಂತ ದೊಡ್ಡಸ್ತಿಕೆ ಬೇರೆ ಬೇಕೆ? ಅವರ ಹಿಂದೆ ಬಕೆಟ್ಟು ಹಿಡಿದು ಓಡಾಡುತ್ತಿದ್ದ ಎತ್ತರದ ಹುಡುಗಿಯೇ ಈ ಅಕ್ಕ. ಬೆಂಚಿನ ಅಡಿಗೆ ಚೂಯಿಂಗ್ ಗಮ್ ಅಂಟಿಸಿ ಏನೂ ಗೊತ್ತಿಲ್ಲದವರಂತೆ ಹಾಡುತ್ತಿದ್ದ ಗುಂಪಿನಲ್ಲಿ ನಾನೂ ಇದ್ದೆ. ನಲವತ್ತು ವರ್ಷದ ಮೇಲೆ ಅದನ್ನು ಒಪ್ಪಿಕೊಂಡೆ. ಅಕ್ಕ ಬಟ್ಟೆ ಹಿಂಡುತ್ತಾ, "ಎಡಗಡೆ ಆರನೇ ಬೆಂಚು. ಚಾಕು ತಗೊಂಡು ಕೆರೆದೋಳು ನಾನೇ ಅಲ್ವಾ?" ಎಂದರು.

ವಾರಾಂತ್ಯದ ಪುರವಣಿಗೆ ಒಂದು ಪುಟ ಬರೆಯೋಣವೆಂದು ನಾನು ಹೋದದ್ದು. ಇಪ್ಪತ್ತೆಂಟು ಬೆಂಚು, ಹನ್ನೊಂದು ಕಿಟಕಿ, ದಿನಕ್ಕೆ ಮೂರು ಬಕೆಟ್ ನೀರು. ಏಳಕ್ಕೆ ಗಂಟೆ ಹೊಡೆದು, ಕೈ ಕಾಲು ತೊಳೆದು, ಒಂಬತ್ತಕ್ಕೆ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಲ್ಲುತ್ತಾರೆ. ಅಲ್ಲಿ ಸಂಜೆಯವರೆಗೆ ಕಡಿಮೆಯೆಂದರೂ ಎಂಬತ್ತು ಅಂಗಿ. ವಯಸ್ಸು ಅರವತ್ಮೂರು. ಹನ್ನೆರಡನೆಯ ವಯಸ್ಸಿಗೇ ತಾಯಿ ತೀರಿಕೊಂಡರು. ಐದು ವರ್ಷದ ತಂಗಿಗೆ ಜಡೆ ಹಾಕಿ, ಊಟ ಮಾಡಿಸಿ, ಶಾಲೆಗೆ ಬಿಟ್ಟು, ಅಲ್ಲಿಂದ ಅಪ್ಪನ ಜೊತೆ ಬೆಂಚು ಒರೆಸಲು ಬರುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೋಯಿತು. "ತಂಗಿ ಮದುವೆ ಮುಗೀಲಿ ಅಂದೆ. ಮುಗಿಯೋ ಹೊತ್ತಿಗೆ ನನ್ನ ಕಾಲ ಮುಗಿದಿತ್ತು," ಎಂದು ನಗುತ್ತಾರೆ. ಅದರಲ್ಲಿ ದೂರು ಇಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಅದಕ್ಕೆ ಬೇಕಾದ ಚಿಕ್ಕ ಗಾಜಿನ ಬಟ್ಟಲುಗಳನ್ನು ತೊಳೆದು, ಒರೆಸಿ, ಜೋಡಿಸುವುದೂ ಅಕ್ಕನ ಕೆಲಸ. ಬಟ್ಟಲು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ದ್ರಾಕ್ಷಾರಸ ಒಂದೇ ಗುಟುಕು ಹಿಡಿಯುತ್ತದೆ. ಅವುಗಳನ್ನಿಡುವ ಮರದ ತಟ್ಟೆಯನ್ನು ಗಂಟೆ ತಾತ ಕೈಯಾರೆ ಕೊರೆದು ಮಾಡಿದ್ದು. ಸಾಲಾಗಿ ಎಪ್ಪತ್ತೆರಡು ಗುಳಿ. ಸಭೆಗೆ ಎಪ್ಪತ್ತು ಸಾಕಾಗಿತ್ತಂತೆ. ಕೊನೆಯ ಎರಡನ್ನು ತಮ್ಮ ಹೆಣ್ಣುಮಕ್ಕಳಿಗೆಂದೇ ಹೆಚ್ಚಿಗೆ ಕೊರೆದರಂತೆ, ಅಕ್ಕನಿಗೊಂದು, ತಂಗಿಗೊಂದು.

ಹೋದ ತಿಂಗಳು ಆ ಭಾನುವಾರ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎಲ್ಲರೂ ಸಾಲುಗಟ್ಟಿ ಮುಂದೆ ಹೋದಾಗ ಅಕ್ಕ ಕಾಣಲಿಲ್ಲ. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಗೆ ಇಣುಕಿದರೆ ಅವರು ಬಟ್ಟಲು ತೊಳೆಯುತ್ತಿದ್ದರು. ತಟ್ಟೆಯ ಕೊನೆಯ ಎರಡು ಬಟ್ಟಲು ತುಂಬಿದ್ದು ಹಾಗೇ ಇದ್ದವು.

"ನೀವು ಯಾವಾಗ ತಗೋತೀರಿ ಅಕ್ಕ?" ಎಂದೆ.

"ಕೆಲಸ ಇರುತ್ತಲ್ಲ," ಎಂದರು. ತಾನಾಯಿತು ತನ್ನ ಕೆಲಸವಾಯಿತು ಎಂಬಂತೆ ತೊಳೆಯುತ್ತಲೇ ಇದ್ದರು. ನನಗೂ ಸುಮ್ಮನಿರಲು ಬರುವುದಿಲ್ಲ. ವಾತಾವರಣ ತಿಳಿಮಾಡೋಣವೆಂದು ಹಳೆಯ ಕಾಲದ ಮಾತು ತೆಗೆದೆ. "ಮೊದಲೆಲ್ಲ ಶನಿವಾರ ಸಂಜೇನೂ ಗಂಟೆ ಹೊಡೀತಿದ್ರಲ್ಲ, ಅದನ್ನ ಯಾರು ನಿಲ್ಸಿದ್ದು? ಹೊಸ ಪಾಸ್ಟರಾ?"

ಆ ಗಂಟೆಯ ವಿಷಯ ಹೇಳಲೇಬೇಕು. ಕರ್ತನ ಭೋಜನದ ಹಿಂದಿನ ಸಂಜೆ ಆರಕ್ಕೆ ತಾತ ಬಿಡಿಬಿಡಿಯಾಗಿ ಏಳು ಪೆಟ್ಟು ಹೊಡೆಯುತ್ತಿದ್ದರು. ಯಾರ ಮೇಲಾದರೂ ಮುನಿಸಿದ್ದರೆ ಹೋಗಿ ಅವರ ಬಾಗಿಲು ತಟ್ಟಿ ಎಂದು ಅದರ ಅರ್ಥ. "ನಾಳೆ ದೇವರ ವಾಕ್ಯ ಬೀಳೋ ನೆಲಾನ ಇವತ್ತೇ ಹದ ಮಾಡ್ಕೊಳ್ಳಿ," ಎನ್ನುತ್ತಿದ್ದರು ತಾತ. ಒಮ್ಮೆ ನಮ್ಮಪ್ಪ ಊಟದ ತಟ್ಟೆ ಬಿಟ್ಟೆದ್ದು, ನನ್ನ ಕೈ ಹಿಡಿದು, ಪಕ್ಕದ ಮನೆಯ ಮೇಷ್ಟರ ಬಾಗಿಲಿಗೆ ಹೋದದ್ದು ನೆನಪಿದೆ. ಕಾಂಪೌಂಡು ಗೋಡೆಯ ಜಗಳ, ನಾಲ್ಕು ತಿಂಗಳಿಂದ ಮುಖ ಕೊಟ್ಟು ಮಾತಿರಲಿಲ್ಲ. ಬಾಗಿಲು ತೆರೆದರೆ ಮೇಷ್ಟರೂ ಚಪ್ಪಲಿ ಹಾಕಿಕೊಂಡು ನಿಂತಿದ್ದರು, ನಮ್ಮ ಮನೆಗೇ ಹೊರಟಿದ್ದರು. ಇಬ್ಬರೂ ಹೊಸಿಲ ಮೇಲೇ ನಿಂತು ನಕ್ಕರು. ಆ ಸಂಜೆಗಳಲ್ಲಿ ಬೀದಿಯ ತುಂಬ ಬಾಗಿಲು ತಟ್ಟುವ ಸದ್ದು. ಅಂಥ ಸದ್ದು ಕೇಳಿ ಎಷ್ಟು ಕಾಲವಾಯಿತೋ.

ಅಕ್ಕ ನಲ್ಲಿ ನಿಲ್ಲಿಸಿದರು. "ಪಾಸ್ಟರಲ್ಲ. ನಾನೇ ನಿಲ್ಸಿದ್ದು," ಎಂದರು.

ಹನ್ನೊಂದು ವರ್ಷದ ಹಿಂದಿನ ಮಾತು. ಅದೂ ತಿಂಗಳ ಮೊದಲ ಭಾನುವಾರವೇ. ತಾತ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಅಕ್ಕ ಇಲ್ಲಿ ಬಟ್ಟಲು ಜೋಡಿಸುತ್ತಿದ್ದಾಗ ತಂಗಿಯ ಪಕ್ಕದ ಮನೆಯವರು ಓಡಿ ಬಂದು, ತಾತನಿಗೆ ಮೇಲುಸಿರು ಶುರುವಾಗಿದೆ, ತಂಗಿ ಕರೆಯುತ್ತಿದ್ದಾಳೆ ಎಂದರು. "ತಟ್ಟೆ ಮುಗಿಸಿ ಬರ್ತೀನಿ ಅಂದೆ. ತಟ್ಟೆ ಅರ್ಧಕ್ಕೆ ಬಿಡಬಾರದು ಅಂತ ಕಲಿಸಿದ್ದೇ ಅಪ್ಪ. ಇಪ್ಪತ್ತು ನಿಮಿಷ ಕಣೇ. ಎಪ್ಪತ್ತೆರಡನೇದು ಇಟ್ಟು ಓಡಿದೆ. ಹೋಗೋಷ್ಟರಲ್ಲಿ ಎಲ್ಲಾ ಆಗಿಹೋಗಿತ್ತು."

ಮಣ್ಣು ಮಾಡುವಾಗ ತಂಗಿ ನಾಲ್ಕು ಜನರ ಎದುರಿಗೇ ಕೇಳಿದಳು, "ಅಪ್ಪನಿಗಿಂತ ಬಟ್ಟಲೇ ಹೆಚ್ಚಾಯ್ತಾ ನಿಂಗೆ?" ಅಕ್ಕನೂ ಸುಮ್ಮನಿರಲಿಲ್ಲ. "ಒಂದು ದಿನಾನಾದ್ರೂ ನೀನು ತೊಳೆದಿದ್ರೆ ಗೊತ್ತಾಗ್ತಿತ್ತು," ಎಂದುಬಿಟ್ಟರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಸುಮ್ಮನೆ ಅಲ್ಲ. ಅಂದಿನಿಂದ ತಂಗಿ ಚರ್ಚಿಗೆ ಕಾಲಿಟ್ಟಿಲ್ಲ. ಅಕ್ಕ ತಮ್ಮ ಬಟ್ಟಲನ್ನು ತುಟಿಗೆ ಮುಟ್ಟಿಸಿಲ್ಲ.

"ಮುನಿಸು ಇಟ್ಕೊಂಡು ಕೈ ಚಾಚಬಾರದಲ್ಲ. ಅದಕ್ಕೇ ಚಾಚಲಿಲ್ಲ."

"ಗಂಟೆ ಯಾಕೆ ನಿಲ್ಸಿದ್ರಿ?"

"ಹೊಡೆದೋರೇ ಮೊದಲು ಹೋಗಬೇಕು, ಅಪ್ಪನ ನಿಯಮ. ನಂಗೆ ಹೋಗೋಕೆ ಆಗಲಿಲ್ಲ. ಅದಕ್ಕೆ ಹೊಡೀಲಿಲ್ಲ. ಎಲ್ಲರೂ ಪಾಸ್ಟರು ನಿಲ್ಸಿದ್ರು ಅಂದ್ಕೊಂಡ್ರು. ಪಾಸ್ಟರಿಗೆ ಅಂಥದ್ದೊಂದು ಇತ್ತು ಅಂತಾನೇ ಗೊತ್ತಿಲ್ಲ." ಅವರು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು. "ನನ್ನೊಬ್ಬಳ ಹಟಕ್ಕೆ ಇಡೀ ಸಭೆ ಬಾಗಿಲು ತಟ್ಟೋದೇ ಮರೀತು. ದಿನಾ ಬೆಂಚು ಒರೆಸ್ತೀನಿ, ಪ್ರಸಂಗ ಕೇಳ್ತೀನಿ, ಕೀರ್ತನೆ ಹಾಡ್ತೀನಿ. ಒಳಗೆ ಮಾತ್ರ ಏನೂ ಬೆಳೀತಿಲ್ಲ. ಕಲ್ಲಿನ ಮೇಲೆ ಕಾಳು ಚೆಲ್ಲಿದ ಹಾಗೆ."

ದೀಪದ ಬುಡದಲ್ಲೇ ಕತ್ತಲೆ ಎಂದು ಬರೆಯಲು ಪೆನ್ನು ಎತ್ತಿದ್ದೆ. ಸುಮ್ಮನೆ ಮುಚ್ಚಿಟ್ಟೆ. ಹೀಗೆ ಒಪ್ಪಿಕೊಳ್ಳುವ ಧೈರ್ಯ ನನಗಂತೂ ಇಲ್ಲ, ಮಾತು ಬಿಟ್ಟ ಗೆಳತಿಯರು ನನಗೂ ಇದ್ದಾರೆ.

ಒಂದು ತಿಂಗಳು ಅಕ್ಕ ಆ ಮಾತೆತ್ತಲಿಲ್ಲ. ನಾನೂ ಕೆದಕಲಿಲ್ಲ. ಮೊನ್ನೆ ಶನಿವಾರ ಮಧ್ಯಾಹ್ನ ಲಾಂಡ್ರಿಯಿಂದ ಫೋನು ಬಂತು. "ಸಂಜೆ ಬರ್ತೀಯಾ? ನನ್ನ ಕೈಲಾಗದಿದ್ರೆ ಹಗ್ಗ ಹಿಡಿಯೋಕೆ ಒಬ್ಬರು ಬೇಕು."

ಅಕ್ಕ ಹಗ್ಗವನ್ನು ನನ್ನ ಕೈಗೆ ಕೊಡಲೇ ಇಲ್ಲ. ಆರಕ್ಕೆ ಸರಿಯಾಗಿ ಬಿಡಿಬಿಡಿಯಾಗಿ ಏಳು ಪೆಟ್ಟು. ಯಾರದೋ ಮನೆಯಲ್ಲಿ ಬೆಂಕಿಯೋ, ಸಾವೋ ಎಂದು ಕಿರಿಯರು ಹೊರಗೆ ಬಂದು ನೋಡುತ್ತಾರೆ. ಮಹಡಿಯಲ್ಲಿ ಕೂತಿದ್ದ ಮುದುಕರೊಬ್ಬರು ಮಾತ್ರ ಎದ್ದು ನಿಂತು, ಕೋಲಿಗಾಗಿ ತಡಕಾಡುತ್ತಾರೆ. ಅವರಿಗೆ ಅರ್ಥವಾಗಿದೆ. ಅಕ್ಕ ಯಾರನ್ನೂ ನೋಡದೆ ಬೀದಿ ಇಳಿದು ಹೋಗುತ್ತಾರೆ. ತಂಗಿಯ ಮನೆಗೆ ಎರಡೇ ತಿರುವು. ನಾನು ಮೊದಲ ತಿರುವಿನಲ್ಲೇ ನಿಂತುಕೊಂಡೆ.

ಅಲ್ಲಿ ನಡೆದದ್ದು ಅಕ್ಕ ಹೇಳಿದ್ದಷ್ಟೇ ನನಗೆ ಗೊತ್ತು. ಬಾಗಿಲು ತೆರೆದದ್ದು ತಂಗಿಯೇ ಅಂತೆ. "ಎರಡು ಬೀದಿ ದಾಟೋಕೆ ಹನ್ನೊಂದು ವರ್ಷ ಬೇಕಿತ್ತಾ?" ಎಂದಳಂತೆ. "ತಟ್ಟೆ ಅರ್ಧಕ್ಕೆ ಬಿಟ್ಟು ಬರಬೇಕಿತ್ತು. ತಪ್ಪು ನಂದು," ಎಂದರಂತೆ ಅಕ್ಕ. ಅದಕ್ಕೆ ತಂಗಿ, "ನಾನಿನ್ನೂ ಮರ್ತಿಲ್ಲ. ಕಾಲು ಒರೆಸ್ಕೊಂಡು ಒಳಗೆ ಬಾ," ಎಂದಳಂತೆ. ಊರಿನ ಮೊಣಕಾಲ ಹಲಗೆಗಳನ್ನೆಲ್ಲ ಒರೆಸುವ ಹೆಂಗಸಿಗೆ ಆ ಮಾತು! ಹೇಳುವಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಅಳುವೂ ಅಷ್ಟೇ.

ಭಾನುವಾರ ತಂಗಿ ಬರಲಿಲ್ಲ. ಸಾಲಿನ ಕೊನೆಗೆ ಅಕ್ಕ ನಿಂತರು. ಪಾಸ್ಟರು ಬಟ್ಟಲು ಕೊಡುವಾಗ ಏನೂ ತಿಳಿಯದೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು.

ಆಮೇಲೆ ಪಕ್ಕದ ಕೋಣೆಯಲ್ಲಿ ನಲ್ಲಿ ತೆರೆದಿದೆ. ಅಕ್ಕ ತಮ್ಮ ಬಟ್ಟಲನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಗುಳಿಯಲ್ಲಿ ಇಡುತ್ತಾರೆ. ಅದರ ಪಕ್ಕದ್ದು ಇನ್ನೂ ತುಂಬಿಯೇ ಇದೆ. ಪುರವಣಿಯಲ್ಲಿ ಕೊನೆಗೆ ಬರೆಯಲು ಏನಾದರೂ ಹೇಳಿ ಎಂದು ಕೇಳುತ್ತೇನೆ.

ಅವರು ಆ ತುಂಬಿದ ಬಟ್ಟಲನ್ನು ನೋಡುತ್ತಾ ಹೇಳುತ್ತಾರೆ: "ಐವತ್ತು ವರ್ಷದಿಂದ ಊರಿನವರ ಎಂಜಲು ಬಟ್ಟಲು ತೊಳೀತಿದ್ದೀನಿ, ಬೇಜಾರು ಅಂದಿಲ್ಲ. ನಂಗಿರೋದು ಒಂದೇ ಆಸೆ ಕಣೇ. ಅವಳು ಕುಡಿದಿಟ್ಟ ಬಟ್ಟಲು ತೊಳೀಬೇಕು."