ಬ್ರೆಜಿಲ್ ಇರುವತನಕ ಮೆಣಸಿನಕಾಯಿ ಅಟ್ಟದ ಮೇಲೆ

ಕಾರವಾರದಲ್ಲಿ ನಾನು ಕಲಿತ ಮೊದಲ ಕೊಂಕಣಿ ಮಾತು ‘ರಾವ್’. ನಿಲ್ಲು, ಇರು ಎಂದು ಅದರ ಅರ್ಥ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ನನ್ನ ಒಂದು ಕಾಲು ಮನೆ ಮಾಲೀಕರ ಹೊಸ್ತಿಲ ಒಳಗಿತ್ತು, ಇನ್ನೊಂದು ಹೊರಗೆ. ಕೈಯಲ್ಲಿದ್ದ ಕೊಡೆಯಿಂದ ನೀರು ಸುರಿಯುತ್ತಿತ್ತು. ಒಳಗೆ ಟಿವಿ ಮುಂದೆ ಕೂತಿದ್ದವರೆಲ್ಲ ಒಮ್ಮೆಲೇ ಕಿರುಚಿ ಎದ್ದರು. ಕೇರಿಯಲ್ಲಿ ಎಲ್ಲೋ ಪಟಾಕಿ ಸಿಡಿಯಿತು. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಅಂಥ ಸದ್ದು ಬಂದರೆ ಅಂಗಡಿಯವರು ಮೊದಲು ಶಟರ್ ಎಳೆಯುತ್ತಾರೆ, ಏನಾಯಿತೆಂದು ಆಮೇಲೆ ಕೇಳುತ್ತಾರೆ. ನಾನು ತಿರುಗಿ ಓಡುವುದರಲ್ಲಿದ್ದೆ. ಮಾಲೀಕ ದತ್ತಾ ಮಾಮ ಕೈ ಚಾಚಿ, “ರಾವ್, ರಾವ್. ಅಲ್ಲೇ ಇರು, ಕಾಲ್ ಎತ್ಬೇಡ,” ಎಂದರು.

ಅದು ಎರಡು ಸಾವಿರದ ಎರಡರ ಜೂನ್. ಜಪಾನ್, ಕೊರಿಯಾಗಳಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಅಲ್ಲಿಯ ಸಂಜೆ ನಮಗೆ ಮಧ್ಯಾಹ್ನ. ಟರ್ಕಿ ಮೊದಲು ಗೋಲು ಹೊಡೆದು ಬ್ರೆಜಿಲ್ ಭಕ್ತರ ಆ ಮನೆಯನ್ನು ಸೂತಕದ ಮನೆ ಮಾಡಿತ್ತಂತೆ. ನಾನು ಹೊಸ್ತಿಲು ಮೆಟ್ಟಿದ ಗಳಿಗೆಗೆ ಬ್ರೆಜಿಲ್ ಸರಿಗಟ್ಟಿತು. ಮುಗಿಯುವಷ್ಟರಲ್ಲಿ ಗೆದ್ದೂಬಿಟ್ಟಿತು. ಅಷ್ಟೂ ಹೊತ್ತು ನಾನು ಹಾಗೆಯೇ, ಅರ್ಧ ಒಳಗೆ ಅರ್ಧ ಹೊರಗೆ. ನಮ್ಮಲ್ಲಿ ಹೊಸ್ತಿಲ ಮೇಲೆ ಕೂತರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇಲ್ಲಿ ನನ್ನನ್ನು ಅಲ್ಲಿಯೇ ಕೂರಿಸಿ ಚಹಾ ಕೊಟ್ಟರು.

ನಾನು ಹೋದದ್ದು ಫುಟ್‌ಬಾಲ್ ನೋಡಲಿಕ್ಕಲ್ಲ, ಮೆಣಸಿನಕಾಯಿಗೆ ಜಾಗ ಬೇಡಲಿಕ್ಕೆ. ನಾನು ಬ್ಯಾಡಗಿ ಸೀಮೆಯವಳು. ನಮ್ಮ ಮನೆಯವರಿಗೆ ಕಾರವಾರದ ಪಕ್ಕದ ಅರ್ಗಾದ ಕಡೆ ಕಲ್ಲು ಸಾಗಿಸುವ ಲಾರಿಯ ಕೆಲಸ ಸಿಕ್ಕಿತು. ಸುಮ್ಮನೆ ಕೂರುವವಳಲ್ಲ ನಾನು. ಮೀನು ತಿನ್ನುವ ಊರಿಗೆ ಮೆಣಸಿನಕಾಯಿ ವರ್ಷವಿಡೀ ಬೇಕು ಎಂದು ಲೆಕ್ಕ ಹಾಕಿ, ಮೇ ಕೊನೆಗೆ ಚೀಲಗಟ್ಟಲೆ ತಂದು ಇಳಿಸಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದೆ. ಕರಾವಳಿಯವರು ಬೇಸಿಗೆಯಲ್ಲೇ ಕೊಂಡು, ಬಿಸಿಲಿಗೆ ಗರಿಗರಿ ಒಣಗಿಸಿ, ಮಳೆಗಾಲಕ್ಕೆ ಡಬ್ಬಿ ತುಂಬಿಟ್ಟಿರುತ್ತಾರೆ ಎಂಬುದು ಮನೆಮನೆಗೆ ಹೋಗಿ ಕೂಗಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮಳೆ ಬಂತು. ಬಯಲುಸೀಮೆಯಿಂದ ಇಲ್ಲಿಗೆ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಬಾಡಿಗೆ ಮನೆಯನ್ನು ಡಿಸೆಂಬರಿನಲ್ಲಿ ನೋಡಿ ಒಪ್ಪಬೇಡಿ. ಜೂನಿನಲ್ಲಿ ಬಂದು ಗೋಡೆಗೆ ಅಂಗೈ ಒತ್ತಿ ನೋಡಿ. ನನ್ನ ಕೋಣೆಯ ಗೋಡೆ ಬೆವರುತ್ತಿತ್ತು. ಉಪ್ಪು ನೀರಾಗುತ್ತಿತ್ತು. ಹಿಂದೆ ಕಡಲು ಹಗಲೂ ರಾತ್ರಿ ಗುಡುಗುತ್ತಿತ್ತು. ನಮ್ಮೂರಿನ ಗುಡುಗು ನಾಲ್ಕು ಸಲ ಗದರಿಸಿ ಹೋಗುತ್ತದೆ. ಇದಕ್ಕೆ ನಿಲುಗಡೆಯೇ ಇಲ್ಲ. ಬೆಳಗ್ಗೆ ಎದ್ದು ಒಂದು ಕಾಯಿ ಮುರಿದು ನೋಡಿದೆ. ಮುರಿಯಲಿಲ್ಲ, ಬಾಗಿತು. ನನ್ನ ಮೈಮೇಲಿನ ಬಂಗಾರವೆಲ್ಲ ಆ ಚೀಲಗಳೊಳಗೆ ಇತ್ತು.

ಒಣ ಜಾಗ ಇದ್ದದ್ದು ಒಂದೇ, ಮಾಲೀಕರ ಅಡುಗೆಮನೆಯ ಒಲೆಯ ಮೇಲಿನ ಅಟ್ಟ. ಅಲ್ಲಿ ಕಿನ್ನರ ಎಂಬ ಊರಿನ ಅವರ ಗದ್ದೆಯ ಬೀಜದ ಭತ್ತ, ಒಣಮೀನು, ತೆಂಗಿನಕಾಯಿ. ಆ ಗೆಲುವಿನ ಬಿಸಿಯಲ್ಲೇ ನಾನು ಮಾತು ತೆಗೆದೆ. ಎದುರಿನವರು ಖುಷಿಯಲ್ಲಿರುವಾಗ ಕೇಳಬೇಕು, ಇದು ವ್ಯಾಪಾರ ನನಗೆ ಕಲಿಸಿದ್ದು. ಮಾಮ ನಕ್ಕರು. ಅವರ ಹೆಂಡತಿ ಶೇವಂತಿ ಮಾಮಿ ನಗಲಿಲ್ಲ.

“ಬ್ರೆಜಿಲ್ ಇರೂತನಕ ಇರ್ಲಿ,” ಎಂದರು ಮಾಮಿ. “ಅದು ಸೋತ್ ಮರುದಿನ ಚೀಲ ಕೆಳಗೆ. ನಿನ್ನ ಘಾಟಿಗೆ ಸೀನಿ ಸೀನಿ ಸಾಯೂಕೆ ನಮ್ಗೆ ಆಗೂದಿಲ್ಲ.”

ಒಪ್ಪಿದೆ. ಒಪ್ಪಿದ ಮೇಲೆ ಭಯ ಶುರುವಾಯಿತು.

ಅಂದಿನಿಂದ ಬ್ರೆಜಿಲ್ ಆಟವಿದ್ದ ದಿನ ಹೊಸ್ತಿಲು ನನ್ನದು. ಚೆಂಡಾಟ ತಿಳಿಯದ ನಾನು ತಂಡಗಳನ್ನು ಗಿರಾಕಿಗಳಂತೆ ನೋಡಿ ಅರ್ಥ ಮಾಡಿಕೊಂಡೆ. ಬ್ರೆಜಿಲಿನವರು ನಗುನಗುತ್ತ ಚೌಕಾಸಿ ಮಾಡುವವರು, ನೀವು ಅವರ ನಗು ನೋಡುತ್ತಿರುವಾಗ ಮಾಲು ಅವರ ಚೀಲಕ್ಕೆ ಬಿದ್ದಿರುತ್ತದೆ. ಫ್ರಾನ್ಸಿನವರು ದೊಡ್ಡ ಮನೆತನದವರು, ಆ ವರ್ಷ ಒಂದೂ ಗೋಲಿಲ್ಲದೆ ಬರಿಗೈಯಲ್ಲಿ ಹೋದರು. ಕೊರಿಯಾದವರು ಅಂಗಡಿಯನ್ನು ಹತ್ತು ಸುತ್ತು ಹಾಕಿಯೂ ದಣಿಯದವರು, ಕೊನೆಗೆ ನೀವೇ ಸಾಕಾಗಿ ಕೊಡುತ್ತೀರಿ. ನನಗೆ ನಿಜಕ್ಕೂ ಹೆದರಿಕೆ ಇದ್ದದ್ದು ಜರ್ಮನಿಯವರ ಬಗ್ಗೆ. ಒಂದೇ ದರ, ಮಾತಿಲ್ಲ, ಬಗ್ಗುವುದಿಲ್ಲ. ಅಂಥವರ ಎದುರು ನನ್ನ ವಿದ್ಯೆ ಯಾವತ್ತೂ ನಡೆದಿಲ್ಲ.

ಎದುರು ಮನೆಯ ಗಜಾನನ ಬ್ಯಾಂಕಿನಲ್ಲಿ ಕೆಲಸದವನು, ಅರ್ಜೆಂಟೀನಾದ ಭಕ್ತ. ಸ್ವೀಡನ್ ಮೇಲೆ ಗೆಲ್ಲದಿದ್ದರೆ ಅವನ ತಂಡ ಮನೆಗೆ ಹೋಗಬೇಕಿತ್ತು. ಅಂದು ಬೆಳಗ್ಗೆಯೇ ಬಂದ.

“ಮಾಮಾ, ನಿಮ್ಮ ಬಾಡಿಗೆಯವ್ರನ್ನ ಒಂದ್ ಮ್ಯಾಚಿಗೆ ನಮ್ ಹೊಸ್ಲಿಗೆ ಕಳ್ಸಿ. ಸಂಜೆ ಒಳಗೆ ವಾಪಸ್ ತಂದ್ ಬಿಡ್ತೆ.”

“ನಿಮ್ ಹೊಸ್ಲಿಗೆ ಗೆದ್ದಲು ಹಿಡಿದದೆ ಮಾರಾಯಾ, ಕೂತ್ರೆ ಮುರೀತದೆ,” ಎಂದರು ಮಾಮ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಟ ಸಮವಾಗಿ ಅರ್ಜೆಂಟೀನಾ ಹೊರಬಿತ್ತು. ಆ ಸಂಜೆ ಗಜಾನನ ನನ್ನ ಮುಖ ನೋಡದೆ ದಾಟಿ ಹೋದ. ಅವನ ತಾಯಿ ನನ್ನ ಹತ್ತಿರ ತೆಗೆದಿಡಿಸಿದ್ದ ಮೆಣಸಿನಕಾಯಿ ಬೇಡವೆಂದು ಹೇಳಿ ಕಳಿಸಿದರು. ಆಗ ತಿಳಿಯಿತು. ಇದು ತಮಾಷೆಯಲ್ಲ. ಇವರು ನನ್ನ ಕಾಲ್ಗುಣವನ್ನು ನಂಬಿದ್ದಾರೆ. ಒಳ್ಳೆಯ ಕಾಲ್ಗುಣ ಅನ್ನಿಸಿಕೊಂಡವಳು ಕೆಟ್ಟ ಕಾಲ್ಗುಣದವಳಾಗಲು ಒಂದು ಚೆಂಡು ಸಾಕು. ನಮ್ಮೂರಲ್ಲಾದರೆ ನನ್ನ ಪರವಾಗಿ ಜಗಳಕ್ಕೆ ನಿಲ್ಲಲು ತವರಿದೆ, ಅತ್ತೆಮನೆಯಿದೆ. ಇಲ್ಲಿ ನಾವು ‘ಘಟ್ಟದ ಮೇಲಿನವರು’, ಅಷ್ಟೇ. ಮನೆಯವರು, ಈ ಉಸಾಬರಿ ಬೇಡ, ಚೀಲ ಬಂದ ದರಕ್ಕೆ ಕೊಟ್ಟು ಊರಿಗೆ ಹೋಗೋಣ ಅಂದರು. ಬಂದ ದರಕ್ಕೆ ಕೊಡುವುದು ನನ್ನ ಜಾಯಮಾನದಲ್ಲಿಲ್ಲ. ಹಾಗೆಂದು ನಿದ್ದೆಯೂ ಬರಲಿಲ್ಲ.

ಇಂಗ್ಲೆಂಡ್ ಆಟದ ದಿನ ನಾನು ಅಂಕೋಲೆಯ ಹಟ್ಟಿಕೇರಿಗೆ ಹೋಗಿದ್ದೆ. ಮದುವೆ ಮನೆಯೊಂದಕ್ಕೆ ಮೆಣಸಿನಕಾಯಿ ಬೇಕಿತ್ತು, ಬಿಡಲಾಗಲಿಲ್ಲ. ಆಟ ನಡುಮಧ್ಯಾಹ್ನಕ್ಕೆ. ಅಲ್ಲಿಂದ ಬೇಗ ಹೊರಟಿದ್ದರೂ ದಾರಿಯ ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಒಂದು ಪಕ್ಕ ಗುಡ್ಡದಿಂದ ಕೆಂಪು ನೀರು ಇಳಿಯುತ್ತಿತ್ತು, ಇನ್ನೊಂದು ಪಕ್ಕ ಕೆಳಗೆ ಕಡಲು. ಗುಡ್ಡ ಜರಿದೀತೆಂದು ಉಳಿದವರಿಗೆ ಭಯ. ನನಗೆ ಅದೂ ಇತ್ತು, ಹೊಸ್ತಿಲು ಖಾಲಿ ಇದೆಯೆಂಬುದೂ ಇತ್ತು. ಕಂಡಕ್ಟರನ ರೇಡಿಯೋ ಇಂಗ್ಲೆಂಡ್ ಗೋಲು ಹೊಡೆಯಿತು ಎಂದಿತು. ನಾನು ಬುಟ್ಟಿ ತಲೆಯ ಮೇಲಿಟ್ಟು ಇಳಿದು ನಡೆದೆ. ಮರದಾಚೆ ನಿಂತಿದ್ದ ಟೆಂಪೋದವನನ್ನು ಕಾಡಿ ಹತ್ತಿದೆ. ಜೀವನದಲ್ಲಿ ಅದೊಂದೇ ಸಲ ನಾನು ದರ ಕೇಳದೆ ಹತ್ತಿದ್ದು.

ಮನೆ ಮುಟ್ಟಿದೆ. ಮಾಮಿ ಕಣ್ಣಿನಿಂದಲೇ ಹೊಸ್ತಿಲು ತೋರಿಸಿದರು. ಕೂತೆ. ಒದ್ದೆ ಸೀರೆಗೋ ಹೆದರಿಕೆಗೋ ಹಲ್ಲು ಕಟಕಟ ಅನ್ನುತ್ತಿತ್ತು. ಮಧ್ಯಂತರಕ್ಕೆ ಇನ್ನೇನು ಬಿಡಬೇಕು, ಬ್ರೆಜಿಲ್ ಸರಿಗಟ್ಟಿತು. ಆಮೇಲೆ ಬಲು ದೂರದಿಂದ ಒದ್ದ ಚೆಂಡು ತೇಲಿ ಹೋಗಿ ಗೋಲಿನೊಳಗೆ ಇಳಿಯಿತು. ಮಾಮ ನನ್ನ ಕಡೆ ತಿರುಗಿ ಕೈ ಮುಗಿದರು. ವಯಸ್ಸಾದವರು ಕೈ ಮುಗಿದರೆ ಸಂಕೋಚವಾಗಬೇಕು. ನನಗೆ ಇನ್ನಷ್ಟು ಭಯವಾಯಿತು.

ಜರ್ಮನಿಯೊಂದಿಗೆ ಕೊನೆಯ ಆಟ ಭಾನುವಾರ. ಕಾರವಾರದ ಸಂತೆಯೂ ಅಂದೇ. ಮೂರು ಗಂಟೆಗೇ ತಕ್ಕಡಿ ಕಟ್ಟಿಟ್ಟು ಬಂದು ಕೂತೆ. ಆ ಒಂದೇ ದರದವರು ಅರ್ಧ ಆಟ ಬಗ್ಗಲಿಲ್ಲ. ಗೋಡೆಯಂತೆ ನಿಂತಿದ್ದ ಅವರ ಗೋಲ್‌ಕೀಪರನ ಕೈಯಿಂದ ಒಮ್ಮೆ ಚೆಂಡು ಜಾರಿತು, ಮುಗಿಯಿತು. ಎರಡಕ್ಕೆ ಸೊನ್ನೆ. ಮಳೆಯಲ್ಲೇ ಪಟಾಕಿ, ಹಳದಿ ಬಾವುಟ, ಕೇರಿ ತುಂಬ ಕುಣಿತ. ಗಜಾನನನೂ ಕುಣಿಯುತ್ತಿದ್ದ. ಎಲ್ಲರೂ ಕುಣಿಯುವಾಗ ನನಗೆ ಹೊಳೆಯಿತು: ಕರಾರು ಬ್ರೆಜಿಲ್ ಇರುವತನಕ. ಗೆದ್ದರೂ ಆಟ ಮುಗಿಯಿತಲ್ಲ, ಇನ್ನೆಲ್ಲಿಯ ಬ್ರೆಜಿಲ್? ಮಳೆಗಾಲ ಇನ್ನೂ ಮುಕ್ಕಾಲು ಉಳಿದಿತ್ತು. ಕರಾರು ಮಾಡುವಾಗ ಸೋಲಿನ ದಿನವನ್ನಷ್ಟೇ ಯೋಚಿಸಬೇಡಿ, ಗೆದ್ದ ಮರುದಿನ ಏನು ಎಂಬುದನ್ನೂ ಕೇಳಿಕೊಳ್ಳಿ.

ಕಾಡಿ ಬೇಡುವುದಕ್ಕಿಂತ ನಾನೇ ಇಳಿಸುವುದು ಮರ್ಯಾದೆ ಎಂದು ಮರುದಿನ ಏಣಿ ಹತ್ತಿದೆ. ಮಾಮಿ ಕೆಳಗಿನಿಂದ ಕೇಳಿದರು, “ಎಂತ ಮಾಡೂದು ಅಲ್ಲಿ?”

“ಚೀಲ ಇಳಿಸ್ತೀನ್ರಿ. ಮುಗೀತಲ್ಲ.”

“ನಾಲ್ಕ್ ವರ್ಷಕ್ಕೆ ಮತ್ತೆ ಬತ್ತದೆ. ಆಗ ಹೊಸ್ಲ ಮೇಲೆ ಕೂಡೂಕೆ ನಿನ್ನ ಎಲ್ಲಿ ಹುಡುಕೂದು?” ಎಂದರು ಮಾಮಿ. ಒಂದು ಸೀನು ಸೀನಿ, “ಇಳಿ ಮಾರಾಯ್ತಿ, ಬಿದ್ದೀಯೆ,” ಎಂದರು.

ಚೀಲಗಳು ಉಳಿದವು. ಶ್ರಾವಣದಲ್ಲಿ ಜನರ ಡಬ್ಬಿ ಖಾಲಿಯಾದಾಗ ಊರಲ್ಲಿ ಗರಿಗರಿ ಮೆಣಸಿನಕಾಯಿ ಇದ್ದದ್ದು ನನ್ನಲ್ಲಿ ಮಾತ್ರ. ನಾವೂ ಉಳಿದೆವು.

ಈಗ ನಾನು ಬೇಸಿಗೆಯಲ್ಲೇ ಮಾಲು ತರುತ್ತೇನೆ. ಮೀನಿನ ಸಾರು ಮಾಡಲು ಬರುತ್ತದೆ, ತಿನ್ನಲು ಇನ್ನೂ ಬರುವುದಿಲ್ಲ. ಊರಿಗೆ ಹೋದರೆ ಮಾತು ರಾಗ ಎಳೆಯುತ್ತದೆಂದು ತಂಗಿ ನಗುತ್ತಾಳೆ. ನಾಲ್ಕು ವರ್ಷ ಕಳೆದು ಈ ವರ್ಷ ಜರ್ಮನಿಯಲ್ಲಿ ವಿಶ್ವಕಪ್ ಆಟ. ಮತ್ತೆ ಹೊಸ್ತಿಲ ಮೇಲೆ ಕೂತೆ. ಅಟ್ಟದಲ್ಲಿ ಇದ್ದದ್ದು ಒಂದು ಚೀಲ, ಅದೂ ಅರ್ಧ. ಆದರೂ ಭಯ ಮೊದಲಿಗಿಂತ ಹೆಚ್ಚಿತ್ತು. ಅಂದು ಹೋಗುವುದಿದ್ದರೆ ಮೆಣಸಿನಕಾಯಿ ಹೋಗುತ್ತಿತ್ತು. ಈಗ ಹೋಗುವುದು ಏನೆಂದು ಹೆಸರಿಡಲೂ ಧೈರ್ಯವಿರಲಿಲ್ಲ.

ಫ್ರಾನ್ಸ್ ಬ್ರೆಜಿಲನ್ನು ಸೋಲಿಸಿತು. ಮಾಮ ಟಿವಿ ಆರಿಸಿದರು. ನಾನು ನನ್ನ ಕೋಣೆಗೆ ಹೋದೆ.

ಬೆಳಗ್ಗೆ ರೊಟ್ಟಿ ಬಡಿದು, ನಾಲ್ಕನ್ನು ಬಟ್ಟೆಯಲ್ಲಿ ಸುತ್ತಿ ಒಯ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ರೂಢಿಯಂತೆ ಹೊಸ್ತಿಲ ಮೇಲೆ ಕೂತೆ. ಹೊರಗಿನ ಕಾಲಿಗೆ ಮಳೆಯ ಇರಚಲು ಹೊಡೆಯುತ್ತಿತ್ತು. ಮಾಮಿ ಒಲೆಯ ಮುಂದಿನಿಂದ ತಿರುಗದೆಯೇ ಅಂದರು, “ಬ್ರೆಜಿಲಿನವ್ರು ಮನೆಗೆ ಹೋದ್ರು. ನೀ ಯಾರಿಗೆ ಅಂತ ಅಲ್ಲಿ ಕೂತಿದ್ದೆ? ಈಗಾದ್ರೂ ಒಳಗೆ ಬಾ.”

ಎದ್ದು ಒಳಗೆ ನಡೆದೆ. ಕೆಂಪು ನೆಲದ ಮೇಲೆ ಒಂದೇ ಕಾಲಿನ ಗುರುತು ಮೂಡುತ್ತ ಬಂತು, ಮಳೆಯಲ್ಲಿದ್ದ ಕಾಲಿನದು.